ಕೊಡದ ಮೇಲಿನ ಅಕ್ಷರ

ಮಳೆಗಾಲ ಮುಗಿದ ಮೇಲೆ ಪುಸ್ತಕಗಳನ್ನು ಬಿಸಿಲಿಗೆ ಹಾಕುವುದು ನನ್ನ ರೂಢಿ. ಮೊನ್ನೆ ಕಾಲೇಜಿನ ಕಾಲದ ಸಂಸ್ಕೃತ ನಿಘಂಟು ಬಿಚ್ಚಿದರೆ ನುಸಿಗುಳಿಗೆಯ ವಾಸನೆ ಗಪ್ಪನೆ ಬಂತು. ಮೊದಲ ಪುಟದಲ್ಲೇ ಸಂಕ್ಷೇಪಗಳ ಪಟ್ಟಿ: ಪುಂ. ಎಂದರೆ ಗಂಡು, ಸ್ತ್ರೀ. ಎಂದರೆ ಹೆಣ್ಣು, ನಪುಂ. ಎಂದರೆ ಎರಡೂ ಅಲ್ಲದ್ದು. ತಟ್ಟನೆ ಮುಚ್ಚಿಬಿಟ್ಟೆ. ಚಿತ್ತವಾಡ್ಗಿಯ ನಮ್ಮ ಎದುರುಮನೆ ಅತ್ತಿ ನೆನಪಾಗಿದ್ದಳು...

ಗಂಡಾಗಿ ಹುಟ್ಟಿ, ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವಳು ಆಕೆ. ಮಂಗಳವಾರ, ಶುಕ್ರವಾರ ದೇವಿಯ ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಿದ್ದಳು. ಉಳಿದ ದಿನ ಕಾಲುವೆ ಕೆಳಗಿನ ಹೊಲಗಳಲ್ಲಿ ಕಬ್ಬು ಕಡಿಯುವ ಕೆಲಸ. ಆಗೆಲ್ಲ ಕಬ್ಬಿನ ದುಡ್ಡಿನಿಂದ ಮನೆಮನೆಗೂ ಸ್ಟೀಲ್ ಕೊಡ ಬರುತ್ತಿದ್ದವು. ನಳದ ಹತ್ತಿರ ಅದಲುಬದಲಾಗದಿರಲೆಂದು ಎಲ್ಲರೂ ಹೆಸರೋ, ಹೆಸರಿನ ಒಂದೆರಡು ಅಕ್ಷರವೋ ಕೊರೆಸುತ್ತಿದ್ದರು. ಓದುಬರಹ ಬಾರದ ಆಕೆಯೂ ಒಂದು ಕೊಡ ತಗೊಂಡಳು.

"ನನ್ನ ಹೆಸ್ರು ಚೀಟ್ಯಾಗ ಬರ್ದು ಕೊಡವ್ವ. ಮುತ್ತು ಕಟ್ಟಿದಾಗ ಇಟ್ಟ ಹೆಸ್ರು, ಹಳೇದು ಬ್ಯಾಡ" ಅಂದಳು.

ಕಾಲೇಜಿನ ಗೆಳತಿಯರಿಬ್ಬರು ಪಕ್ಕದಲ್ಲಿದ್ದರು. ಅವರನ್ನು ನಗಿಸಬೇಕಿತ್ತು ನನಗೆ. 'ನಪುಂ.' ಎಂದು ಬರೆದುಕೊಟ್ಟೆ. ಅಂಗಡಿಯವನು ಯಾರದೋ ಹೆಸರಿನ ಅಕ್ಷರವೆಂದುಕೊಂಡು ಹಾಗೇ ಕೊರೆದ.

ಎರಡೇ ದಿನ. ನಳದ ಸಾಲಿನಲ್ಲಿ ಮೇಷ್ಟ್ರ ಹೆಂಡತಿ ಓದಿಬಿಟ್ಟಳು. "ಏನ ಬೇ, ಇರೋದನ್ನೇ ಕೊರ್ಸೀದಿ!" ಎಂದು ಅರ್ಥ ಬಿಡಿಸಿ ಹೇಳಿದ್ದಕ್ಕೆ ಎಲ್ಲರೂ ನಕ್ಕರಂತೆ. ಅತ್ತಿ ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಅಂಗಡ್ಯಾವ ತಪ್ಪು ಕೊರ್ದಾನ ನೋಡ್ರಿ ಅತ್ತಿ" ಅಂದೆ.

ಆಕೆ ಎಲೆಯಡಿಕೆ ಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದಳು. ನನ್ನದೇ ಚೀಟಿ. "ನನ್ನ ಹೆಸ್ರು ಯಾರೂ ಬರ್ದಿದ್ದಿಲ್ಲವ್ವ. ಅದಕ್ಕ ಜ್ವಾಪಾನ ಇಟ್ಕೊಂಡಿದ್ದೆ" ಅಂದು ನನ್ನ ಕೈಗಿಟ್ಟು ಹೋದಳು. ನಮ್ಮವ್ವನ ಹತ್ತಿರ ಒಂದು ಮಾತೂ ಆಡಲಿಲ್ಲ.

ಹೊಸ ಕೊಡ ಕೊಳ್ಳುವ ಶಕ್ತಿ ಆಕೆಗೆಲ್ಲಿತ್ತು? ಆಮೇಲೆ ಅಕ್ಷರದ ಬದಿಯನ್ನು ಸೊಂಟಕ್ಕೆ ಒತ್ತಿಕೊಂಡೇ ನೀರು ತರುತ್ತಿದ್ದಳು. ಮಂಗಳವಾರ ಬಂದಾಗ ಮಾತ್ರ ಎಂದಿನಂತೆ ನನ್ನ ಹಣೆಗೆ ದೇವಿಯ ಅರಿಶಿನ ಭಂಡಾರ ಹಚ್ಚಿ, "ಓದಿ ದೊಡ್ಡಾಕಿ ಆಗವ್ವ" ಅನ್ನುತ್ತಿದ್ದಳು. ನಾನು ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ತಪ್ಪಾಯ್ತು ಅನ್ನಲು ಎಷ್ಟು ಮಂಗಳವಾರಗಳಿದ್ದವು...

ಮದುವೆಯಾಗಿ ಕಂಪ್ಲಿಗೆ ಬಂದೆ. ಒಮ್ಮೆ ತವರಿಗೆ ಹೋದಾಗ ಎದುರುಮನೆಗೆ ಬೀಗವಿತ್ತು. ಅತ್ತಿ ತೀರಿಹೋಗಿ ಮೂರು ತಿಂಗಳಾಯ್ತು ಅಂದಳು ಅವ್ವ. ಕೊಡ ಏನಾಯಿತೆಂದು ಕೇಳುವ ಧೈರ್ಯ ಬರಲಿಲ್ಲ.

ಸಂಜೆ ನಿಘಂಟನ್ನು ಒಳಗಿಟ್ಟೆ. ಆಕೆ ಹೇಳಿದ್ದ ಹೆಸರು ಚೆನ್ನಾಗಿ ನೆನಪಿದೆ. ಈ ಬರಹದಲ್ಲಾದರೂ ಬರೆಯೋಣವೆಂದು ಕೂತೆ, ಕೈ ಏಳಲಿಲ್ಲ. ಬರೆಯಬೇಕಾಗಿದ್ದು ಆ ಚೀಟಿಯಲ್ಲಿ.