ಬಾಗಿಲಲ್ಲಿ ನಿಂತ ಹಸಿರು ಬಳೆಯವಳು

ಸತ್ತವರು ಬಂದು ಮಾತಾಡಿದರೆಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವಳು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಆಗ ನಾವು ಮುಂಬಯಿಯ ಸಯನ್‌ನಲ್ಲಿದ್ದೆವು. ನನಗೆ ಎಂಟನೇ ತಿಂಗಳು. ಸೀಮಂತ ಮುಗಿದು ಕೈತುಂಬ ಹಸಿರು ಬಳೆ. ಗಂಡ ಕೆಲಸಕ್ಕೆ ಹೋಗಿದ್ದರು. ಬೆಳಗಿನಿಂದ ತಲೆನೋವು, ಸೆಕೆಗೆ ಇರಬೇಕೆಂದು ಮಧ್ಯಾಹ್ನ ಫ್ಯಾನಿನ ಕೆಳಗೆ ಮಲಗಿದೆ. ಕಣ್ಣು ತೆರೆದಾಗ ಕೋಣೆಯ ಬಾಗಿಲಲ್ಲಿ ಒಬ್ಬಳು ನಿಂತಿದ್ದಳು. ನನಗಿಂತ ಚಿಕ್ಕವಳು, ತುಂಬು ಬಸುರಿ. ಊದಿದ ಕೈಯನ್ನು ಮುಂದೆ ಚಾಚಿದಳು. ಹಸಿರು ಬಳೆಗಳು ಮಾಂಸದಲ್ಲಿ ಹೂತುಹೋಗಿದ್ದವು.

“ನಿನ್ನ ಬಳಿ ತಗೀ ನೋಡೂಣು, ಬರಂಗಿಲ್ಲ. ಏಳವಾ, ದವಾಖಾನಿಗಿ ನಡಿ,” ಎಂದಳು. ವಿಜಯಪುರದ ಕಡೆಯ ಮಾತು, ನನ್ನ ಗಂಡನ ಮನೆಯವರದು.

ಎದ್ದು ಕೂತೆ. ಯಾರೂ ಇಲ್ಲ. ಹೊರಬಾಗಿಲ ಚಿಲಕ ಹಾಕಿದಂತೆಯೇ ಇತ್ತು. ನನ್ನ ಕೈಯ ಬಳೆ ತೆಗೆಯಲು ನೋಡಿದೆ, ಒಂದೂ ಅಲುಗಲಿಲ್ಲ. ಪಕ್ಕದ ಮನೆಯ ಕಾಕೂ ಜೊತೆ ರಿಕ್ಷಾ ಹಿಡಿದು ಆಸ್ಪತ್ರೆಗೆ ಓಡಿದೆ.

ಬಿಪಿ ನೋಡಿದ ಡಾಕ್ಟರು ನನ್ನನ್ನು ಮನೆಗೆ ಕಳಿಸಲಿಲ್ಲ. ತಡಮಾಡಿದ್ದರೆ ಫಿಟ್ಸ್ ಬರಬಹುದಿತ್ತು ಎಂದರು. ತಾಯಿಗೆ, ಅಕ್ಕತಂಗಿಯರಿಗೆ ಹೀಗಾಗಿತ್ತೇ ಎಂದು ಕೇಳಿದರು. ಯಾರಿಗೂ ಇಲ್ಲ. ಅಷ್ಟರಲ್ಲಿ ಬಂದಿದ್ದ ನನ್ನ ಗಂಡ ಮೆಲ್ಲಗೆ, “ನನ್ನ ತಾಯಿ ನನ್ನ ಹೆತ್ತು, ಫಿಟ್ಸ್ ಬಂದು ತೀರಿಕೊಂಡರಂತೆ” ಎಂದರು.

“ಅದನ್ನೂ ಹೇಳಬೇಕಿತ್ತು,” ಎಂದರು ಡಾಕ್ಟರು. “ಮಗು, ಅದನ್ನು ಪೋಷಿಸುವ ಮಾಸು, ಎರಡರಲ್ಲೂ ಅರ್ಧ ತಂದೆಯದು. ಈ ತೊಂದರೆ ಆ ಕಡೆಯಿಂದಲೂ ಬರಬಹುದು. ಇದೇ ಕಾರಣ ಅಂತ ಖಚಿತವಾಗಿ ಹೇಳೋಕಾಗಲ್ಲ.”

ಅಂದೇ ಆಪರೇಷನ್ ಆಯಿತು. ಮಗಳು ಅಂಗೈಯಷ್ಟಿದ್ದಳು, ಆದರೆ ಅತ್ತಳು. ನಾನೂ ಉಳಿದೆ.

ನನ್ನ ಗಂಡನನ್ನು ಸಾಕಿದ ದೊಡ್ಡವ್ವ, ಅವರ ತಾಯಿಯ ಅಕ್ಕ, ಆಂಟಾಪ್ ಹಿಲ್‌ನಿಂದ ನೋಡಲು ಬಂದರು. ಕಂಡದ್ದನ್ನು ಅವರಿಗೆ ಹೇಳಿದೆ. ಅವರು ನನ್ನ ಕೈಯನ್ನು ಹಿಡಿದು ನೋಡಿದರು.

“ನನ್ನ ತಂಗೀ ಕೈ ಹಂಗಾ ಬಾತಿತ್ತವಾ. ಬಳಿ ಒಡದಾ ತಗದ್ರು. ಇದನ್ನ ನಿನ್ನ ಗಂಡಗೂ ನಾ ಹೇಳಿಲ್ಲ.”

ಅರೆನಿದ್ದೆಯಲ್ಲಿ ನನ್ನ ಕೈಯನ್ನೇ ಕಂಡೆನೇನೋ, ದೊಡ್ಡವ್ವನ ಮಾತಿನ ಧಾಟಿಯೇ ಕೇಳಿಸಿತೇನೋ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆ ಸಮಾಧಾನ ನಿಲ್ಲುವುದಿಲ್ಲ. ತೀರಿಕೊಂಡ ನನ್ನ ಅತ್ತೆಗೂ ನನಗೂ ರಕ್ತಸಂಬಂಧವಿಲ್ಲ. ಆದರೂ ಆ ಮಧ್ಯಾಹ್ನ ಆಕೆಯದೊಂದು ಪಾಲು ನನ್ನ ಹೊಟ್ಟೆಯಲ್ಲಿ ಮಿಸುಕಾಡುತ್ತಿತ್ತು. ರೋಗ ಆ ದಾರಿ ಹಿಡಿದು ಬಂದಿರಬಹುದು, ನಂಬುತ್ತೇನೆ. ತಾಯಿಯ ಎಚ್ಚರಿಕೆಯೂ ಅದೇ ದಾರಿಯಲ್ಲಿ ಬರಬಲ್ಲುದೇ? ಡಾಕ್ಟರರನ್ನು ಕೇಳಲು ನನಗೆ ಇವತ್ತಿಗೂ ಬಾಯಿ ಬಂದಿಲ್ಲ.