ಮಗ್ಗದ ಸದ್ದಿಗೆ ಸಾಕ್ಷಿ ನುಡಿದವರು: ನೊರೀನ್ ಪ್ಯಾಸ್ಕೊ

ವಿಜ್ಞಾನ ಸಂಗ್ರಹಾಲಯಗಳು ಯಂತ್ರಗಳನ್ನು ಒರೆಸಿ ಗಾಜಿನೊಳಗಿಡುತ್ತಿದ್ದ ಕಾಲದಿಂದ, ಜನರೇ ಅವುಗಳನ್ನು ಮುಟ್ಟಿ, ತಿರುಗಿಸಿ, ಪ್ರಶ್ನಿಸುವ ಕಾಲಕ್ಕೆ ದಾಟಿದ ಈ ಮೂರು ದಶಕಗಳಲ್ಲಿ, ವಿಕ್ಟೋರಿಯ ರಾಜ್ಯದ ನಮ್ಮ ಕಾರಂಡೇಲ್ ಸಂಗ್ರಹಾಲಯವನ್ನು ಆ ದಾರಿಯಲ್ಲಿ ಕೈಹಿಡಿದು ನಡೆಸಿದವರು ಶ್ರೀಮತಿ ನೊರೀನ್ ಪ್ಯಾಸ್ಕೊ. ಯಾವ ಪದವಿಯನ್ನೂ ಪಡೆಯದೆ, ಉಣ್ಣೆ ಗಿರಣಿಯಲ್ಲಿ ಹದಿನೇಳು ವರ್ಷ ನೇಯ್ದು ಬಂದ ಈ ಹಿರಿಯರ ಮುಂದೆ, ಅವರ ಮೇಲಧಿಕಾರಿಯಾಗಿದ್ದ ನಾನು ಇಂದು ಶಿಷ್ಯನಾಗಿಯೇ ನಿಲ್ಲುತ್ತೇನೆ.

೧೯೯೧ರಲ್ಲಿ ಗಿರಣಿ ಮುಚ್ಚಿದಾಗ, ಅಲ್ಲಿನ ಕೊನೆಯ ಮಗ್ಗದ ಜೊತೆಗೇ ಅವರೂ ನಮ್ಮಲ್ಲಿಗೆ ಬಂದರು. ಹೆಸರಿಗೆ ಮಗ್ಗದ ಮೇಲ್ವಿಚಾರಕಿ; ಅದನ್ನು ಓಡಿಸಲು ಅನುಮತಿಯಿಲ್ಲದ್ದರಿಂದ ಮಾಡುತ್ತಿದ್ದುದು ಧೂಳೊರೆಸುವ ಕೆಲಸ. ಐದು ವರ್ಷಗಳ ನಂತರ ನಾನು ಸೇರಿದಾಗ, ನನಗೂ ಒಂದು ಸ್ಯಾಂಡ್‌ವಿಚ್ ಕಟ್ಟಿಕೊಂಡು ಬಂದು, ಪಕ್ಕದಲ್ಲಿ ಕೂರಿಸಿಕೊಂಡು, ಮಗ್ಗದ ಒಂದೊಂದು ಭಾಗದ ಹೆಸರನ್ನೂ ಕಲಿಸಿದರು. ಅದಕ್ಕೆ ಪ್ರತಿಯಾಗಿ ನಾನು ಮಾಡಿದ್ದೇನು? ೨೦೦೧ರಲ್ಲಿ, ಹೊಸ ಕಂಪ್ಯೂಟರ್ ಪರದೆಗಳ ಕೋಣೆಗೆ ಜಾಗ ಬೇಕೆಂದು, ಆ ಮಗ್ಗವನ್ನು ಗುಜರಿಗೆ ಹಾಕುವ ಆದೇಶಕ್ಕೆ ಸಹಿ ಮಾಡಿದೆ.

ನೊರೀನ್ ಕೂಗಾಡಲಿಲ್ಲ. "ತೆಗೀರಪ್ಪ ಡೆಸ್ಮಂಡ್, ಬೇಡ ಅನ್ನಲ್ಲ. ಆದ್ರೆ ಒಂದು ಶನಿವಾರ ಓಡ್ಸೋಕೆ ಬಿಡಿ. ನಿಂತಿರೋದನ್ನಷ್ಟೇ ನೋಡಿ ತೀರ್ಮಾನ ಮಾಡ್ಬಿಟ್ರಿ ನೀವು," ಎಂದರು.

ಆ ಶನಿವಾರ ಗಿರಣಿಯ ಐವರು ಹಳೆಯ ನೇಕಾರ್ತಿಯರು ಬಂದರು. ಮಗ್ಗ ಶುರುವಾದೊಡನೆ ನಮ್ಮೆಲ್ಲರ ಮಾತು ಮುಳುಗಿಹೋಯಿತು. ಅವರು ಮಾತ್ರ ದನಿಯಿಲ್ಲದೆ, ಬರೀ ತುಟಿಯಾಡಿಸಿ, ಒಬ್ಬರನ್ನೊಬ್ಬರು ಗೇಲಿ ಮಾಡುತ್ತ ನಗುತ್ತಿದ್ದರು. ಯಂತ್ರ ನಿಂತಾಗ ಶಾಲೆಯ ಹುಡುಗಿಯೊಬ್ಬಳು ಕೇಳಿದಳು: "ಅಜ್ಜಿ, ನಿಮಗೆ ದನಿ ಬರಲ್ವಾ?"

ಅವರಲ್ಲಿ ಹಿರಿಯರಾದ ಝ್ಡೆಂಕಾ ಅವಳ ತುಟಿಯನ್ನೇ ನೋಡಿ, "ದನಿ ಇದೆ ಪುಟ್ಟಿ, ಕಿವಿ ಹೋಗಿದೆ. ಈ ಪುಣ್ಯಾತ್ಮ ತಿಂದ್ಬಿಟ್ಟ," ಎಂದು ಮಗ್ಗಕ್ಕೊಂದು ಗುದ್ದು ಕೊಟ್ಟರು.

ನಾನು ಆದೇಶವನ್ನು ಹಿಂತೆಗೆದುಕೊಂಡೆ. ನೊರೀನ್‌ಗೆ ಅಷ್ಟು ಸಾಲದಾಯಿತು. ಇಂಥ ಮಗ್ಗಗಳ ಸದ್ದು ಗಿರಣಿಯ ಮೂವತ್ತೊಂದು ಹೆಂಗಸರ ಕಿವಿ ಕೆಡಿಸಿತೆಂಬ ಫಲಕವೂ ಬೇಕೆಂದರು. ಆಡಳಿತ ಮಂಡಳಿಯಲ್ಲಿ ಗಿರಣಿ ಮಾಲೀಕರ ಮನೆತನದವರೊಬ್ಬರಿದ್ದರು. "ಇದು ವಿಜ್ಞಾನದ ಜಾಗ ನೊರೀನ್, ದೂರು ಹೇಳ್ಕೊಳ್ಳೋ ಜಾಗ ಅಲ್ಲ," ಎಂದು ಅವರು ಮುಖ ತಿರುಗಿಸಿದರು.

ನೊರೀನ್ ಕೂದಲು ಸರಿಸಿ, ಎರಡೂ ಕಿವಿಗಳ ಶ್ರವಣಯಂತ್ರಗಳನ್ನು ತೆಗೆದು ಮೇಜಿನ ಮೇಲಿಟ್ಟರು. "ಸದ್ದು ಕಿವೀನ ಏನ್ಮಾಡುತ್ತೆ ಅನ್ನೋದೂ ವಿಜ್ಞಾನಾನೇ. ಈಗ ಇನ್ನೊಂದ್ಸಲ ಹೇಳಿ. ಈ ಕಡೆ ಮುಖ ಮಾಡಿ ಹೇಳಿ."

ಅಷ್ಟು ವರ್ಷ ಪಕ್ಕದಲ್ಲಿ ಕೂತು ಉಂಡ ನನಗೂ ಅದು ಗೊತ್ತಿರಲಿಲ್ಲ. ನಾಚಿಕೆಯಿಂದ, ಫಲಕದ ಪರವಾಗಿ ಮೊದಲು ಕೈಯೆತ್ತಿದವನು ನಾನು; ಉಳಿದವರೂ ಎತ್ತಿದರು.

ಫಲಕ ಬಂತು. ಪಕ್ಕದಲ್ಲಿ ಸದ್ದನ್ನು ಅಳೆಯುವ ಮಾಪಕವೂ ಬಂತು. ಅದನ್ನು ನೋಡಿಹೋದ ಮರಗೆಲಸದ ಕಾರ್ಖಾನೆಯೊಂದರ ಕಾರ್ಮಿಕರು ಮರುವಾರವೇ ಮಾಲೀಕರಿಂದ ಕಿವಿಗವಸು ಕೇಳಿ ಪಡೆದರೆಂದು ತಿಳಿದ ದಿನ, ನೊರೀನ್ ಇಡೀ ಕಚೇರಿಗೆ ಕೇಕ್ ಹಂಚಿದರು.

ನಿವೃತ್ತಿಯ ನಂತರ ಅವರು ಝ್ಡೆಂಕಾ ಅವರೊಡನೆ ಗಿರಣಿಯ ಆ ತುಟಿಮಾತುಗಳನ್ನು ಚಿತ್ರ ಸಹಿತ ದಾಖಲಿಸಲು ಕುಳಿತಿದ್ದಾರೆ. ಇನ್ನೂರು ಮಾತುಗಳಾಗಿವೆ, ಅರ್ಧಕ್ಕರ್ಧ ಬೈಗುಳಗಳೇ ಅಂತೆ. ಆ ಕೆಲಸ ಮುಗಿಯುವಷ್ಟು ಆಯುಸ್ಸು ಅವರಿಬ್ಬರಿಗೂ ಇರಲಿ. ಮುಗಿದ ಮೇಲೆ, ಆ ಬೈಗುಳಗಳನ್ನು ನನ್ನ ಮೇಲೇ ಪ್ರಯೋಗಿಸಿ ನೋಡಲು ಇನ್ನೂ ಬಹುಕಾಲ ಉಳಿದಿರಲಿ.