ಹೊಸ್ತಿಲೊಳಗಿನ ಸಮನ್ಸು

೧೯೮೧ರಲ್ಲಿ ಗಂಡ ಕಾಶೀಮ ತೀರಿಕೊಂಡ ಮೇಲೆ ಸಿದ್ದಿ ಹೆಂಗಸು ಇಮಾಮಬಿ ಇದ್ದತ್ತಿಗೆ ಕೂತಳು. ನಾಲ್ಕು ತಿಂಗಳು ಹತ್ತು ದಿನ ವಿಧವೆ ಹೊಸ್ತಿಲು ದಾಟುವಂತಿಲ್ಲ. ಮೂರನೆಯ ವಾರ ಕೋರ್ಟಿನ ಬೇಲೀಫ ಬಂದು ಸಮನ್ಸು ಕೊಟ್ಟುಹೋದ. ಅವಳ ಹೊಲ ತನ್ನದೆಂದು ಪೇಟೆಯವನೊಬ್ಬ ದಾವೆ ಹೂಡಿದ್ದ. ಆ ಕಾಗದವನ್ನು ದಿಂಬಿನ ಕೆಳಗಿಟ್ಟು, ಹೊರಗೆ ಸೈಕಲ್ಲಿನ ಸದ್ದಾದರೂ ಬೆಚ್ಚಿಬೀಳುತ್ತ, ಅವಳು ದಿನ ಎಣಿಸಿದಳು.

ಇದ್ದತ್ತು ಮುಗಿದ ಮರುದಿನವೇ ಹಳಿಯಾಳದ ನನ್ನ ವಕೀಲಿ ಕೋಣೆಗೆ ಓಡಿಬಂದಳು.

“ಇಪ್ಪತ್ತಾರು ವರ್ಷ ನಾವ ಬಿತ್ತೇವಿ, ನಾವ ಕೊಯ್ದೇವಿ. ಒಬ್ಬರೂ ಬ್ಯಾಡ ಅಂದಿಲ್ರಿ ಸಾಹೇಬ್ರ.”

ತಕರಾರಿಲ್ಲದ ಅಷ್ಟು ವರ್ಷಗಳ ಸ್ವಾಧೀನ, ಕೇಸು ಗೆಲ್ಲಿಸುವ ಮಾತೇ ಅದು. ಆದರೆ ಅದನ್ನು ಹೇಳಬೇಕಾದ ದಿನ ಅವಳ ಪರವಾಗಿ ಯಾರೂ ಹಾಜರಿರಲಿಲ್ಲವೆಂದು ಹೊಲ ಎದುರಾಳಿಯದೇ ಎಂದು ಡಿಕ್ರಿ ಆಗಿತ್ತು. ಅದನ್ನು ರದ್ದುಪಡಿಸಲು ಅರ್ಜಿ ಹಾಕುವ ಗಡುವೂ ಮೊನ್ನೆಗೇ ಮುಗಿದಿತ್ತು. ಇನ್ನೇನಿದ್ದರೂ ತಡವಾದದ್ದಕ್ಕೆ ಕ್ಷಮೆ ಬೇಡಬೇಕು, ಸಿಗುವ ಖಾತ್ರಿಯಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

“ಒಂದು ಮಾತು ಹೇಳಿ ಕಳಿಸಿದ್ರ, ನಾನ ನಿಮ್ಮ ಬಾಗಿಲಿಗೆ ಬಂದು ವಕಾಲತ್ತಿಗೆ ಹೆಬ್ಬಟ್ಟು ಒತ್ತಿಸ್ಕೊಂಡು ಹೋಗ್ತಿದ್ದೆನಲ್ರೀ!”

ಇಮಾಮಬಿ ಆ ಸಮನ್ಸನ್ನು ನನ್ನ ಮೇಜಿನ ಮೇಲಿಟ್ಟಳು.

“ದಾವಾ ಬಾಗಿಲಿಗೆ ಬರ್ತೈತಿ ಅಂತ ಗೊತ್ತಾತ್ರಿ. ವಕೀಲ್ರೂ ಬರ್ತಾರಂತ ನಮಗ ಯಾರು ಹೇಳಿದ್ರು?”